ಎರಡು ಬಾಟಲಿ, ಒಂದೇ ಹೆಸರು

ಕಲಬುರಗಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ತಿಂಗಳು. ಎಲೆಕ್ಟ್ರಾನಿಕ್ಸ್ ಹುಡುಗರಿಗೆ ಸರ್ಕ್ಯೂಟ್ ಬೋರ್ಡ್ ಮಾಡಲು ಫೆರಿಕ್ ಕ್ಲೋರೈಡ್ ದ್ರಾವಣ ಬೇಕಿತ್ತು. ಬೋರ್ಡಿನ ಮೇಲಿನ ಬೇಡದ ತಾಮ್ರವನ್ನು ತಿಂದುಹಾಕುವ ಕಬ್ಬಿಣದ ಲವಣ ಅದು. ಕಪಾಟಿನಲ್ಲಿದ್ದ ಕಪ್ಪು ಪುಡಿಯನ್ನು ಬೀಕರಿಗೆ ಸುರಿದು ಮೇಲೆ ನೀರು ಬಿಟ್ಟೆ. ಚುಂಯ್ ಅಂತು. ಹುಳಿಹುಳಿ ಹೊಗೆ ಮೂಗಿಗೆ ಅಡರಿತು, ಬೀಕರ್ ಮುಟ್ಟಲಾರದಷ್ಟು ಕಾದಿತ್ತು. ಹಿರಿಯ ಅಟೆಂಡರ್ ಓಡಿಬಂದು ಕಿಟಕಿ ತೆಗೆದರು. "ತಮ್ಮಾ, ನೀರಿಗೆ ಪುಡಿ ಹಾಕ್ತಾರ. ಪುಡಿಗೆ ನೀರು ಹಾಕ್ತಾರೇನು?"

ಅದು ಅನ್‌ಹೈಡ್ರಸ್, ಅಂದರೆ ನೀರಿನಂಶವೇ ಇಲ್ಲದ್ದು. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಸಿಕ್ಕರೆ ಕಾದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಪಕ್ಕದ ಬಾಟಲಿಯಲ್ಲಿದ್ದದ್ದು ಹೆಕ್ಸಾಹೈಡ್ರೇಟ್, ಅಂದರೆ ನೀರಿನಂಶ ಸೇರಿಕೊಂಡ ಅದೇ ಫೆರಿಕ್ ಕ್ಲೋರೈಡ್, ಹಳೇ ಬೆಲ್ಲದ ಬಣ್ಣದ ಉಂಡೆಗಳು. ಇದು ಸುಮಾರು 37 ಡಿಗ್ರಿಗೇ ಕರಗುತ್ತದೆ. ನಮ್ಮೂರ ಏಪ್ರಿಲ್‌ಗೆ ಅದೇನು ಮಹಾ! ಶನಿವಾರ ಉಂಡೆ ಇಟ್ಟು ಬೀಗ ಹಾಕಿದರೆ ಸೋಮವಾರ ಬಾಟಲಿ ತುಂಬ ಕಾಕಂಬಿ. ಈಗ ಅದನ್ನು ನೆಲಮಟ್ಟದ ತಂಪು ಖಾನೆಯಲ್ಲಿ, ಪ್ಲಾಸ್ಟಿಕ್ ಟ್ರೇಯೊಳಗೆ ಇಡುತ್ತೇನೆ.

ತೂಕದಲ್ಲೂ ಎಡವಿದ್ದುಂಟು. 100 ಗ್ರಾಂ ಅನ್‌ಹೈಡ್ರಸ್‌ನಲ್ಲಿರುವಷ್ಟು ಕಬ್ಬಿಣ ಬೇಕಾದರೆ ಹೆಕ್ಸಾಹೈಡ್ರೇಟ್ ಸುಮಾರು 167 ಗ್ರಾಂ ಬೇಕು. ಒಮ್ಮೆ ಇದನ್ನು ಮರೆತು 100 ಗ್ರಾಂ ಉಂಡೆಯನ್ನೇ ಹಾಕಿ ದ್ರಾವಣ ಮಾಡಿಕೊಟ್ಟೆ. ಹುಡುಗರು ಟ್ರೇ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾದರು, ತಾಮ್ರ ಹೋಗಲೊಲ್ಲದು. ಸರಿಯಾದ ದ್ರಾವಣ ಉಗುರು ಬೆಚ್ಚಗಿದ್ದರೆ ನೋಡಲು ಚೆಂದ: ಹೊಳೆಯುವ ತಾಮ್ರ ಮೊದಲು ಮಂಕಾಗುತ್ತದೆ, ಆಮೇಲೆ ಅಂಚಿನಿಂದ ಸವೆಯುತ್ತ ಹೋಗಿ, ಮಾರ್ಕರ್ ಪೆನ್ನಿನ ಗೆರೆಯ ಕೆಳಗಿದ್ದದ್ದು ಮಾತ್ರ ಉಳಿಯುತ್ತದೆ. ತಾಮ್ರವನ್ನು ಕರಗಿಸುತ್ತ ಫೆರಿಕ್ ತಾನು ಫೆರಸ್, ಅಂದರೆ ತಾಮ್ರ ತಿನ್ನಲಾರದ ಕಬ್ಬಿಣದ ರೂಪ, ಆಗುತ್ತದೆ. ದ್ರಾವಣ ಹಸಿರಿಗೆ ತಿರುಗಿತೆಂದರೆ ಅದರ ಕಸುವು ಮುಗಿಯುತ್ತ ಬಂತು.

ತಾಮ್ರ ತಿನ್ನುವುದು ಸ್ಟೀಲನ್ನು ಬಿಡುತ್ತದೆಯೇ? ನನಗಿಂತ ಮುಂಚೆ ಇದ್ದ ಯಾರೋ ಬಳಸಿದ ದ್ರಾವಣವನ್ನು ಸಿಂಕಿಗೇ ಚೆಲ್ಲುತ್ತಿದ್ದರಂತೆ. ಸ್ಟೇನ್‌ಲೆಸ್ ಸ್ಟೀಲಿನ ತಳದಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಈಗಲೂ ಇವೆ. ನಾನು ಅದನ್ನು ಪ್ಲಾಸ್ಟಿಕ್ ಬಕೆಟ್‌ಗೆ ಸುರಿದು ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವೇ ಉದುರಿಸುತ್ತೇನೆ. ಒಮ್ಮೆಲೇ ಹಾಕಿದರೆ ನೊರೆ ಉಕ್ಕಿ ನೆಲದ ಪಾಲು. ತಳಕ್ಕಿಳಿದ ರಾಡಿಯಲ್ಲಿ ತಾಮ್ರ ಇರುವುದರಿಂದ ಅದು ಚರಂಡಿಗಲ್ಲ, ರಾಸಾಯನಿಕ ತ್ಯಾಜ್ಯದ ಡ್ರಮ್ಮಿಗೆ.

ಗ್ಲೌಸ್, ಕನ್ನಡಕ ಇಲ್ಲದೆ ಈಗ ಯಾರಿಗೂ ಬಾಟಲಿ ಕೊಡುವುದಿಲ್ಲ. ಬಟ್ಟೆ ಮಾತ್ರ ಅವರವರ ಹಣೆಬರಹ, ಕಲೆ ಸೋಪಿಗೆ ಬಗ್ಗುವುದಿಲ್ಲ. ಸಿಂಕಿನ ಹಿಂದಿನ ಗೋಡೆಯ ಮೇಲೂ ಅದೇ ಕಂದು ಕಲೆ. ಪ್ರತಿ ವರ್ಷ ಹೊಸ ಬ್ಯಾಚಿನಲ್ಲಿ ಒಬ್ಬನಾದರೂ ಕೇಳುತ್ತಾನೆ: "ಸರ್, ಇಲ್ಲಿ ಗುಟ್ಕಾ ಯಾರ್ ಉಗುಳ್ಯಾರ?"