ಬೆವರಿಗೆ ಬಂದ ಹಸಿರು ಅತಿಥಿ

ಫಿಜಿಗೆ ಬಂದಾಗಿನಿಂದ ಸೆಕೆಯೋ ಸೆಕೆ. ಇವತ್ತು ಮುಂಗೈ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಹುಳ ಕೂತು ಬೆವರು ನೆಕ್ಕುತ್ತಿತ್ತು. ನೊಣ ಅಂದುಕೊಂಡೆ. ಕೈ ಬಿಸಿಲಿಗೆ ಹಿಡಿದರೆ ಮೈಯೆಲ್ಲಾ ಫಳಫಳ ಹಸಿರು! ಮೀಸೆ ಉದ್ದ, ರೆಕ್ಕೆ ನಾಲ್ಕು. ನೊಣಕ್ಕೆ ಎರಡೇ ಅಲ್ವಾ? ಇದು ಇಲ್ಲಿನದೇ ಬೆವರುಜೇನು, ಹೋಮಲಿಕ್ಟಸ್. ಮಣ್ಣಲ್ಲಿ ಬಿಲ ತೋಡಿ ಬದುಕುತ್ತದೆ. ತಗ್ಗು ಜಾಗದಲ್ಲಿ ಜಾಸ್ತಿ ಕಾಣುವುದು ಫಿಜಿಯೆನ್ಸಿಸ್ ಜಾತಿ, ಇದೂ ಅದೇ ಇರಬೇಕು. ಬರೀ ಬಣ್ಣ ನೋಡಿ ಖಚಿತವಾಗಿ ಹೇಳುವುದು ಕಷ್ಟ. 2019ರಲ್ಲಿ ಇಲ್ಲಿನ 9 ಹೊಸ ಜಾತಿಗಳಿಗೆ ಹೆಸರಿಟ್ಟಾಗ ಡಿಎನ್‌ಎ ಕೂಡ ನೋಡಿದ್ದರು. ಅದರಲ್ಲೊಂದು, ಟರ್ಮಿನಾಲಿಸ್, ಸಿಕ್ಕಿದ್ದು ಬಟಿಲಾಮು ಬೆಟ್ಟದ ತುದಿಯ ಹತ್ತಿರ ಮಾತ್ರ. ಸೆಕೆ ಇನ್ನೂ ಏರಿದರೆ ಅದು ಎಲ್ಲಿಗೆ ಹತ್ತಬೇಕು? ಈ ಪುಟಾಣಿ ಹಾರಿಹೋಗುವವರೆಗೂ ನಾನು ಕೈ ಅಲ್ಲಾಡಿಸಲಿಲ್ಲ.