ಸಿಡಿಲಿಗೆ ರೌಟರ್ ಹೋದ ಮೇಲೆ: ತೋಟದ ಮನೆಯ ಸ್ಟ್ಯಾಟಿಕ್ ಐಪಿ ರಿಪೇರಿ

ಜಾಗ ನಾಪೋಕ್ಲು ಕಡೆಯ ತೋಟದ ಮನೆ. ವಿಂಡೋಸ್ 11 ಇರುವ ಒಂದು ಡೆಸ್ಕ್‌ಟಾಪ್, ಕಾಫಿ ಕಣದ ಕ್ಯಾಮೆರಾಗಳ ರೆಕಾರ್ಡರ್, ಒಂದು ಪ್ರಿಂಟರ್. ಮೂರಕ್ಕೂ ಕೈಯಾರೆ ಕೊಟ್ಟ, ತಾನಾಗಿ ಬದಲಾಗದ ವಿಳಾಸ (ಸ್ಟ್ಯಾಟಿಕ್ ಐಪಿ). ಹಳೆ ರೌಟರ್ ಸಿಡಿಲಿಗೆ ಸುಟ್ಟಿತು. ಹೊಸದು ಬಂದ ಮೇಲೆ ಮೊಬೈಲುಗಳಿಗೆ ವೈಫೈ ಸಲೀಸು, ಡೆಸ್ಕ್‌ಟಾಪಿಗೆ ಮಾತ್ರ ಇಂಟರ್ನೆಟ್ ಇಲ್ಲ.

ಶನಿವಾರ ಬೆಳಿಗ್ಗೆ

ಕೇಬಲ್ ದೀಪ ಉರಿಯುತ್ತಿದೆ, ಅಂದರೆ ತಂತಿ ಸರಿಯಿದೆ. ಡೆಸ್ಕ್‌ಟಾಪಿನಲ್ಲಿ ಐಪಿಕಾನ್ಫಿಗ್ (ನೆಟ್‌ವರ್ಕ್ ವಿವರ ತೋರಿಸುವ ಕಮಾಂಡ್) ತೋರಿಸಿದ್ದು: ವಿಳಾಸ 192.168.1.50, ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಎಂದು ಹೇಳುವುದು) 255.255.255.0, ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗುವ ಬಾಗಿಲು) 192.168.1.1. ಗೇಟ್‌ವೇಗೆ ಪಿಂಗ್ ಮಾಡಿದರೆ (ಇದ್ದೀಯಾ ಎಂದು ಕೇಳಿದರೆ) 192.168.1.50ರಿಂದಲೇ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಉತ್ತರ. ‘ರಿಪ್ಲೈ’ ಅನ್ನುವ ಪದ ನೋಡಿ ಸಂಪರ್ಕ ಇದೆ ಅಂದುಕೊಳ್ಳುವವರೇ ಹೆಚ್ಚು. ಆ ಉತ್ತರ ಕೊಟ್ಟಿದ್ದು ಅದೇ ಕಂಪ್ಯೂಟರ್: ‘192.168.1.1 ಯಾರು?’ ಎಂದು ಕೂಗಿದೆ, ಯಾರೂ ಓಗೊಟ್ಟಿಲ್ಲ.

ಐಪಿ ಅಸೈನ್‌ಮೆಂಟನ್ನು ಸ್ವಲ್ಪ ಹೊತ್ತು ಆಟೋಮ್ಯಾಟಿಕ್‌ಗೆ ಬದಲಿಸಿದ ತಕ್ಷಣ ಕಾರಣ ಸಿಕ್ಕಿತು. ಹೊಸ ರೌಟರಿನ ವಿಳಾಸ 192.168.0.1. ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೂರನೆಯದು ಬೇರೆಯಾದರೆ, ಈ ಮಾಸ್ಕಿನಲ್ಲಿ ಅದು ಬೇರೆ ನೆಟ್‌ವರ್ಕ್.

ಶನಿವಾರ ಮಧ್ಯಾಹ್ನ

ಡೆಸ್ಕ್‌ಟಾಪಿನಲ್ಲಿ ನಂಬರ್ ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ರೆಕಾರ್ಡರಿಗೆ ಮಾನಿಟರ್, ಮೌಸ್ ಹೊತ್ತುಕೊಂಡು ಹೋಗಿ ಕೂರಬೇಕು. ಅದಕ್ಕಿಂತ ಸುಲಭವೆಂದು ರೌಟರಿನ ಲ್ಯಾನ್ (ಮನೆಯೊಳಗಿನ ಕಡೆಯ) ವಿಳಾಸವನ್ನೇ 192.168.1.1 ಮಾಡಿದ್ದು. ಆಗ ಎಲ್ಲರ ಇಂಟರ್ನೆಟ್ಟೂ ಹೋಯಿತು! ರೌಟರಿನ ಹಿಂದಿರುವ, ಇಂಟರ್ನೆಟ್ ಲೈನ್ ಬರುವ ಫೈಬರ್ ಮೋಡೆಮಿನ ವಿಳಾಸ ಕೂಡ 192.168.1.1. ರೌಟರಿನ ವ್ಯಾನ್ (ಇಂಟರ್ನೆಟ್ ಬರುವ) ಕಡೆಯೂ ಲ್ಯಾನ್ ಕಡೆಯೂ ಒಂದೇ ನೆಟ್‌ವರ್ಕ್ ಆದರೆ ಯಾವುದನ್ನು ಎತ್ತ ಕಳಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಹಳೆ ರೌಟರ್ ಬರೀ ಆಕ್ಸೆಸ್ ಪಾಯಿಂಟ್ ಆಗಿ (ಮೋಡೆಮಿನ ನೆಟ್‌ವರ್ಕನ್ನೇ ವೈಫೈಯಲ್ಲಿ ಹರಡುತ್ತ) ಕೆಲಸ ಮಾಡುತ್ತಿತ್ತು ಎಂಬುದು ಇಲ್ಲಿ ಗೊತ್ತಾಯಿತು.

ಭಾನುವಾರ

ಹೊಸದನ್ನೂ ಹಾಗೇ ಮಾಡಿದ್ದಾಯಿತು. ಇಲ್ಲಿ ಕ್ರಮ ತಪ್ಪಬಾರದು. ಮೊದಲು ವ್ಯಾನ್ ಕೇಬಲ್ ಕಿತ್ತಿಡಿ. ರೌಟರಿನ ಲ್ಯಾನ್ ವಿಳಾಸ 192.168.1.2 ಮಾಡಿ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ವೈಫೈ ಹೆಸರು, ಪಾಸ್‌ವರ್ಡ್ ಹಾಕಿ, ಕೊನೆಗೆ ಡಿಎಚ್‌ಸಿಪಿ (ವಿಳಾಸಗಳನ್ನು ತಾನೇ ಹಂಚುವ ವ್ಯವಸ್ಥೆ) ಆಫ್ ಮಾಡಿ. ಆಮೇಲೆ ಮೋಡೆಮಿನ ಕೇಬಲನ್ನು ವ್ಯಾನ್ ಬಿಟ್ಟು ಯಾವುದಾದರೂ ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿ ಕೇಬಲ್ ಕಿತ್ತರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರಿರುವುದಿಲ್ಲ, 169.254 ಎಂದು ಶುರುವಾಗುವ ನಂಬರ್ ಹಿಡಿದು ಕೂರುತ್ತದೆ.

ಡೆಸ್ಕ್‌ಟಾಪಿಗೆ ಮತ್ತೆ ಮ್ಯಾನ್ಯುವಲ್: 192.168.1.50, 255.255.255.0, ಗೇಟ್‌ವೇ 192.168.1.1, ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವುದು) 192.168.1.1 ಮತ್ತು 1.1.1.1. ಡಿಎನ್‌ಎಸ್ ಖಾಲಿ ಬಿಟ್ಟರೆ ಹೊರಗಿನ 8.8.8.8ಗೆ ಪಿಂಗ್ ಹೋಗುತ್ತದೆ, ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಮಾಸ್ಕಿನ ಬದಲು ಸಬ್‌ನೆಟ್ ಪ್ರಿಫಿಕ್ಸ್ ಲೆಂತ್ ಕೇಳುತ್ತದೆ. ಅಲ್ಲಿ 24 ಅಂತಷ್ಟೇ ಬರೆಯಬೇಕು, 255.255.255.0 ಹಾಕಿದರೆ ಸೇವ್ ಆಗದು.

ಎಲ್ಲ ಸರಿ.

ಮಂಗಳವಾರ

ಸರಿಯಿರಲಿಲ್ಲ. ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಡೆಸ್ಕ್‌ಟಾಪಿನಲ್ಲಿ 192.168.1.50ರ ಪಕ್ಕ ‘ಡುಪ್ಲಿಕೇಟ್’. ಮೋಡೆಮಿನ ಡಿಎಚ್‌ಸಿಪಿ ಪೂಲ್ (ಹಂಚಲು ಇಟ್ಟ ನಂಬರುಗಳು) 192.168.1.2ರಿಂದ 254ರವರೆಗೆ, ಅಂದರೆ 50 ಕೂಡ ಅದರೊಳಗೇ. ಮೋಡೆಮ್ ಇನ್ವರ್ಟರಿನಲ್ಲಿ ಉಳಿದಿತ್ತು, ಡೆಸ್ಕ್‌ಟಾಪ್ ಆರಿತ್ತು. ಆ ನಂಬರಿನಲ್ಲಿ ಯಾರೂ ಇಲ್ಲವೆಂದು ಒಂದು ಮೊಬೈಲಿಗೆ ಕೊಟ್ಟುಬಿಟ್ಟಿದೆ. ಕರೆಂಟ್ ಹೀಗೆ ಬಂದು ಹೋಗುವ ಊರಲ್ಲಿ ಈ ತಪ್ಪು ಹೊರಬೀಳಲು ಹೆಚ್ಚು ದಿನ ಬೇಕಿಲ್ಲ. ಪೂಲನ್ನು 100ರಿಂದ 200ರವರೆಗೆ ಮಾತ್ರ ಇರುವಂತೆ ಕಿರಿದು ಮಾಡಿ, ಮೋಡೆಮ್ ರೀಸ್ಟಾರ್ಟ್ ಮಾಡಿ, ಆ ಮೊಬೈಲಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದಾಯಿತು. ರೆಕಾರ್ಡರ್ 60, ಪ್ರಿಂಟರ್ 70. ಎರಡೂ ಈಗ ಪೂಲಿನ ಹೊರಗೆ.

ಬಾಕಿ

ಈ ನಂಬರುಗಳನ್ನು ಚೀಟಿಯಲ್ಲಿ ಬರೆದು ಮೋಡೆಮಿನ ಬೆನ್ನಿಗೆ ಅಂಟಿಸುವುದು. ಮನೆಯಿಂದ ಕಣಕ್ಕೆ ಎಳೆದ ತಾಮ್ರದ ಕೇಬಲ್ ತೆಗೆದು ಫೈಬರ್ ಎಳೆಯುವುದು, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿಗೂ ತಾಮ್ರದ ಕೇಬಲಿಗೂ ನಡುವೆ ಸಿಗ್ನಲ್ ಬದಲಿಸುವ ಪೆಟ್ಟಿಗೆ). ಬಯಲಲ್ಲಿ ತಾಮ್ರ ಇರುವವರೆಗೂ ಸಿಡಿಲಿನ ಏಟು ಅದರ ಮೂಲಕ ಮನೆಯೊಳಗೆ ಬರುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಲೋಹದ ತಂತಿ ಸೇರಿಸಿದ ಫೈಬರ್ ಕೇಬಲ್ ಮಾತ್ರ ತರಬಾರದು.