ಮಾತಾಡಿದವರ ಹೆಸರು

ನೋಟ್‌ಬುಕ್ಕು ನಿನ್ನೆ ನನ್ನ ಕೈಗೆ ವಾಪಸ್ ಬಂತು. ಹನ್ನೆರಡು ದಿನ ತರಗತಿಯೆಲ್ಲ ಸುತ್ತಿ ಬಂದಿದೆ. ಯಾರದೋ ಬ್ಯಾಗಿನಲ್ಲಿ ನೀರಿನ ಬಾಟಲಿ ಸೋರಿ ಅರ್ಧ ಪುಟಗಳು ಉಬ್ಬಿಕೊಂಡಿವೆ, ರಟ್ಟಿನ ಮೇಲೆ ಕೈವಾರದ ಮೊನೆಯಿಂದ ಯಾರೋ ಚಿತ್ತಾರ ಕೊರೆದಿದ್ದಾರೆ. ಬೀಳ್ಕೊಡುಗೆಯ ದಿನ ‘ನಮ್ಮ ತರಗತಿಯ ನೆನಪುಗಳು’ ಅಂತ ಹತ್ತು ನಿಮಿಷ ಓದಬೇಕು, ಅದನ್ನು ನೀನೇ ಬರಿ ಅಂದಿದ್ದರು ಮೇಡಂ. ಒಬ್ಬಳೇ ಕೂತು ಎಲ್ಲರ ಹತ್ತು ವರ್ಷ ಬರೆಯುವುದು ನನ್ನಿಂದ ಆಗದ ಕೆಲಸ. ಅದಕ್ಕೇ ನೋಟ್‌ಬುಕ್ಕು ಹರಿಬಿಟ್ಟೆ. ತಲೆಗೆ ಒಂದು ಪುಟ, ನೆನಪಿರುವ ಒಂದೇ ಒಂದು ದಿನದ ಬಗ್ಗೆ ಬರೆಯಿರಿ, ‘ಮಿಸ್ ಯೂ’ ಅಂತ ಮಾತ್ರ ಬರೆಯಬೇಡಿ ಅಂತ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಹಾಕಿದ್ದೆ. 40 ಜನರಲ್ಲಿ 36 ಜನ ಬರೆದಿದ್ದಾರೆ. ಅದರಲ್ಲಿ ಹನ್ನೊಂದು ಜನ ‘ಮಿಸ್ ಯೂ’ ಅಂತಲೇ ಬರೆದಿದ್ದಾರೆ.

ಇಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ, ರೋಲ್ ನಂಬರ್ ಸಾಕು. ನಮ್ಮಲ್ಲಿ ಒಂದೇ ಹೆಸರಿನವರು ಮೂವರಿದ್ದುದರಿಂದ ಎಷ್ಟೋ ಜನ ಮೇಷ್ಟರು ನಮ್ಮನ್ನು ನಂಬರಿನಲ್ಲೇ ಕರೆಯುತ್ತಿದ್ದರು. “ಏಯ್ ಒಂಬತ್ತು, ಎದ್ದೇಳು” ಅನ್ನುವುದರಲ್ಲಿ ನಮಗೆ ವಿಚಿತ್ರವೇನೂ ಕಾಣುತ್ತಿರಲಿಲ್ಲ. ನಾನು 23.

ಮೊದಲು ಕಿಟಕಿ ಗಾಜಿನ ವಿಷಯ ಮುಗಿಸುತ್ತೇನೆ, ಯಾಕೆಂದರೆ ಒಂಬತ್ತು ಪುಟಗಳಲ್ಲಿ ಅದೇ ಇದೆ. ಆರನೇ ತರಗತಿಯಲ್ಲಿ ಒಂದು ಮಧ್ಯಾಹ್ನ ಗಾಜು ಒಡೆಯಿತು. ಅಷ್ಟರ ಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಒಡೆದದ್ದು ನಾನು ಅಂತ ಮೂವರು ಬರೆದಿದ್ದಾರೆ, ಮೂವರೂ ಹೆಮ್ಮೆಯಿಂದ. ಅವತ್ತು ಹೆಡ್‌ಮಾಸ್ಟರು ಕೇಳಿದಾಗ ಒಬ್ಬರ ಬಾಯಿಂದಲೂ ಮಾತು ಹೊರಟಿರಲಿಲ್ಲ! ಡಸ್ಟರ್ ತಾಗಿತು ಅಂತ ಒಬ್ಬರು, ಚೆಂಡು ಅಂತ ಇನ್ನೊಬ್ಬರು. 31 ಮಾತ್ರ ಗಾಳಿಗೆ ಕಿಟಕಿ ಬಡಿದು ಒಡೆಯಿತು ಅಂತ ಬರೆದು, ಅಡಿಯಲ್ಲಿ ಗೆರೆ ಎಳೆದಿದ್ದಾಳೆ. ನನಗೆ ನೆನಪಿರುವುದು ಶಬ್ದವೊಂದೇ, ಆಮೇಲೆ ಬಿದ್ದ ಮೌನವೂ ಅನ್ನಿ. ಗಾಜಿನ ಜಾಗಕ್ಕೆ ರಟ್ಟು ಬಂತು. ಆ ರಟ್ಟು ಎಂಟನೇ ತರಗತಿವರೆಗೂ ಇತ್ತು ಅನ್ನುವುದಕ್ಕೆ ಯಾರ ತಕರಾರೂ ಇಲ್ಲ.

ಇದನ್ನೆಲ್ಲ ಓದಿ ಹುಡುಕುತ್ತಾ ಹೋದಾಗ ಹ್ಯಾರಿ ಬ್ಯಾರಿಕ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1975ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಿಕ್ಕಿತು. ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿದ್ದ 392 ಜನರಿಗೆ ಅವರವರ ಸಹಪಾಠಿಗಳ ಫೋಟೊ, ಹೆಸರು ತೋರಿಸಿ ಪರೀಕ್ಷೆ ಮಾಡಿದ್ದರು. ಶಾಲೆ ಬಿಟ್ಟು ಸುಮಾರು 35 ವರ್ಷವಾದ ಮೇಲೂ ಮುಖ ಗುರುತು ಹಿಡಿಯುವುದರಲ್ಲಿ ಹತ್ತಕ್ಕೆ ಒಂಬತ್ತು ಸರಿ ಬರುತ್ತಿತ್ತಂತೆ. ಫೋಟೊ ತೋರಿಸದೆ, ಸುಮ್ಮನೆ ಹೆಸರು ಹೇಳಿ ಅಂದರೆ ಮಾತ್ರ ಅಷ್ಟು ಬರುತ್ತಿರಲಿಲ್ಲ. ಅಂದರೆ ನನಗೆ ಐವತ್ತು ದಾಟಿದ ಮೇಲೂ 9ರ ಮುಖ ಎದುರು ಬಂದರೆ ಗೊತ್ತಾಗುತ್ತದೆ. ಗಾಜು ಒಡೆದವರು ಯಾರು ಅಂತ ನಾಲ್ಕೇ ವರ್ಷಕ್ಕೆ ಗೊತ್ತಾಗುತ್ತಿಲ್ಲ.

9 ಅಂದಾಗ ಗ್ರೂಪ್ ಫೋಟೊ ನೆನಪಾಯಿತು. ಫೋಟೊಗ್ರಾಫರ್ ಬರುವುದು ತಡವಾಗಿ, ನಾವೇ ಫೋನಿನಲ್ಲಿ ಪನೋರಮಾ ತೆಗೆದೆವು. ಫೋನು ಎಡದಿಂದ ಬಲಕ್ಕೆ ತಿರುಗುವಷ್ಟರಲ್ಲಿ ಎಡತುದಿಯಲ್ಲಿದ್ದ 9 ಸಾಲಿನ ಹಿಂದಿನಿಂದ ಓಡಿ ಬಲತುದಿಗೆ ಬಂದು ನಿಂತ, ಎರಡು ಕಡೆಯೂ ತಾನೇ ಇರಬೇಕು ಅಂತ. ಎಡಗಡೆ ಚೆನ್ನಾಗಿಯೇ ಬಂದಿದ್ದಾನೆ. ಬಲಗಡೆ ಒಂದು ಕಿವಿ, ಒಂದು ಭುಜ, ಆಮೇಲೆ ಗೋಡೆ. ತನ್ನದೇ ಐಡಿಯಾ ಅಂತ ಪುಟದ ತುಂಬ ಕೊಚ್ಚಿಕೊಂಡಿದ್ದಾನೆ, ಪಾಪ. 1904ರಲ್ಲಿ ಪೇಟೆಂಟ್ ಆದ ಸರ್ಕಟ್ ಅನ್ನುವ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ತಾನೇ ನಿಧಾನವಾಗಿ ತಿರುಗುತ್ತಾ ಉದ್ದನೆಯ ಗ್ರೂಪ್ ಫೋಟೊ ತೆಗೆಯುತ್ತಿತ್ತು. ಆ ಕಾಲದ ಹುಡುಗರೂ ಹೀಗೇ ಹಿಂದಿನಿಂದ ಓಡಿ ಎರಡು ತುದಿಯಲ್ಲೂ ಕಾಣಿಸಿಕೊಳ್ಳುತ್ತಿದ್ದರು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ. ಪರೀಕ್ಷೆ ಮುಗಿಯಲಿ.

ನನ್ನ ಪುಟದಲ್ಲಿ ನಾನು 22ರ ಬಗ್ಗೆ ಬರೆದೆ. ಏಳೆಂಟು ವರ್ಷ ನನ್ನ ಹಿಂದಿನ ಹಾಜರಿ ಅವಳದು. ಅವಳ “ಪ್ರೆಸೆಂಟ್ ಸರ್” ಮುಗಿಯುವ ಮೊದಲೇ ನನ್ನ ಬಾಯಿ ತೆರೆದಿರುತ್ತಿತ್ತು. ಒಂಬತ್ತನೇ ತರಗತಿಯ ನಡುವೆ ಅಪ್ಪನಿಗೆ ವರ್ಗವಾಗಿ ಅವಳು ಹೊರಟುಹೋದಳು. ವಾರದ ತನಕ ಮೇಷ್ಟರು ರೂಢಿಯಲ್ಲಿ 22 ಅನ್ನುವುದು, ತಡೆದು ಪೆನ್ನು ಒಂದು ಸಾಲು ಕೆಳಗಿಳಿಸುವುದು. ಆ ಅರೆಕ್ಷಣ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಹತ್ತನೇ ತರಗತಿಗೆ ಹೊಸ ರಿಜಿಸ್ಟರ್ ಬಂದಾಗ ಎಲ್ಲರೂ ಒಂದೊಂದು ನಂಬರ್ ಮೇಲೆ ಸರಿದೆವು, ನಾನೇ 22 ಆದೆ. ಎಷ್ಟೋ ದಿನ ಮೇಷ್ಟರು 22 ಅಂದರೆ ನಾನು ಅವಳು ಹೇಳಲಿ ಅಂತ ಕಾಯುತ್ತಾ ಕೂತಿರುತ್ತಿದ್ದೆ. ಎರಡು ಸಲ ಆಬ್ಸೆಂಟ್ ಬಿದ್ದದ್ದೂ ಉಂಟು. ಲೆಕ್ಕಕ್ಕೆ 22, ನನ್ನ ಮಟ್ಟಿಗೆ ನಾನು ಈಗಲೂ 23. ಈ ಬರಹದಲ್ಲಿ ಎಲ್ಲರದೂ ಹಳೆಯ ನಂಬರೇ.

ಇನ್ನು 17. ನಿಜ ಹೇಳಬೇಕೆಂದರೆ ಇದನ್ನು ಬರೆಯಲು ಕೂತದ್ದೇ ಅವನಿಂದಾಗಿ.

ಎಂಟನೇ ತರಗತಿಯಲ್ಲಿ ನಾನು ಮಾನಿಟರ್. ಒಂಬತ್ತರ ಅರ್ಧದ ತನಕವೂ ನಾನೇ. ಮಾನಿಟರ್ ಕೆಲಸ ಏನು ಅಂತ ಎಲ್ಲರಿಗೂ ಗೊತ್ತಿರುವುದೇ. ಮೇಷ್ಟರು ಇಲ್ಲದಾಗ ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರ ಹೆಸರು’ ಅಂತ ಬರೆದು, ಅಡಿಗೆರೆ ಹಾಕಿ, ಬಾಯಿ ಬಿಟ್ಟವರನ್ನು ಒಬ್ಬೊಬ್ಬರನ್ನೇ ಏರಿಸುವುದು. ನಂಬರ್ ಬರೆದರೆ ನಡೆಯುತ್ತಿರಲಿಲ್ಲ, ಪೂರ್ತಿ ಹೆಸರೇ ಆಗಬೇಕು ಅನ್ನುವುದು ಮೇಷ್ಟರ ಕಟ್ಟಪ್ಪಣೆ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಇಂಟು ಮಾರ್ಕು. ನಾನು ಈ ಕೆಲಸವನ್ನು ಬಹಳ ನಿಯತ್ತಿನಿಂದ ಮಾಡಿದೆ. ಗೆಳತಿಯರ ಹೆಸರನ್ನೂ ಬಿಡಲಿಲ್ಲ ಅಂತ ಆಗ ಬೀಗುತ್ತಿದ್ದೆ. ಆ ಪಟ್ಟಿಯಲ್ಲಿ ದಿನಾ ಇರುತ್ತಿದ್ದವನು 17. ಕೆಲವು ದಿನ ಅವನ ಹೆಸರಿನ ಮುಂದೆ ಐದು ಇಂಟು ಮಾರ್ಕು.

ಅವನು ಉದ್ದ ಬೆಳೆದಿದ್ದರಿಂದ ಕೊನೆಯ ಬೆಂಚು. ಮೇಷ್ಟರು ಹೇಳಿದ್ದರ ಕೊನೆಯ ಪದವನ್ನು ಮೆಲ್ಲಗೆ ತಿರುಗಿ ಹೇಳಿಕೊಳ್ಳುವ ಚಾಳಿ ಅವನಿಗೆ. ಪಕ್ಕದ 18ರ ಕಿವಿಯಲ್ಲಿ ಸದಾ ಪಿಸಪಿಸ. ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ಬಂತು. ಒಂದು ಶಬ್ದ ನಮ್ಮ ತಲೆಯಲ್ಲಿ ಸುಮಾರು 0.1 ಸೆಕೆಂಡ್ ಉಳಿದಿರುತ್ತದೆ, ಹಾಗಾಗಿ ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಅದು ಅಷ್ಟು ಹೊತ್ತಾದರೂ ತಡವಾಗಿ ಬರಬೇಕು. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಅಂತ ಹಿಡಿದರೆ ಹೋಗಿ ಬರುವ ದಾರಿ 34.4 ಮೀಟರ್, ಗೋಡೆ ಇರಬೇಕಾದ ದೂರ ಅದರ ಅರ್ಧ. ಮೇಷ್ಟರು “17.2” ಅಂದದ್ದೇ ತಡ, ಹಿಂದಿನ ಬೆಂಚಿನಿಂದ ಮೆಲ್ಲಗೆ “17.2” ಅಂತ ಕೇಳಿತು. ತರಗತಿಗೆ ತರಗತಿಯೇ ಹಿಂದೆ ತಿರುಗಿ ನಕ್ಕಿತು. ಅವತ್ತಿನಿಂದ ಅವನ ಹೆಸರು ಪ್ರತಿಧ್ವನಿ.

ಆಮೇಲೆ ಯಾವಾಗಲೋ ಅವನು ಸುಮ್ಮನಾದ. ರಜೆ ಮುಗಿಸಿ ಬಂದಾಗ ಕನ್ನಡಕ ಬಂದಿತ್ತು, ಪಟ್ಟಿಯಲ್ಲಿ ಹೆಸರು ಬರುವುದು ನಿಂತಿತು. ಮಾನಿಟರ್ ಆಗಿ ನನ್ನ ಶಿಸ್ತು ಫಲ ಕೊಟ್ಟಿತು ಅಂದುಕೊಂಡೆ. ನಗಬೇಡಿ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಹತ್ತನೇ ತರಗತಿಯಲ್ಲಿ ಕಣ್ಣಿನ ಪಾಠ. ಸಮೀಪ ದೃಷ್ಟಿ, ನಿಮ್ನ ಮಸೂರ. ನಿಮ್ಮಲ್ಲಿ ಯಾರದಾದರೂ ಪವರ್ ಹೇಳಿ, ಅದರ ಮೇಲೇ ಲೆಕ್ಕ ಮಾಡೋಣ ಅಂದರು ಮೇಡಂ. 17 ಎದ್ದು ನಿಂತು “ಮೈನಸ್ ಎರಡೂವರೆ” ಅಂದ. ಒಂದನ್ನು 2.5ರಿಂದ ಭಾಗಿಸಿದರೆ 0.4 ಮೀಟರ್. ಅಂದರೆ ಕನ್ನಡಕ ಇಲ್ಲದಿದ್ದರೆ ಈ ಹುಡುಗನಿಗೆ 40 ಸೆಂಟಿಮೀಟರ್ ಆಚೆಗಿನದೆಲ್ಲ ಮಸುಕು ಅಂತ ಮೇಡಂ ಬರೆದರು. ನಾವೆಲ್ಲ ಬರೆದುಕೊಂಡೆವು. ಆ ಲೆಕ್ಕಕ್ಕೆ ನಾನು ಎರಡೆರಡು ಸಲ ಅಡಿಗೆರೆ ಹಾಕಿಕೊಂಡಿದ್ದೇನೆ, ಪರೀಕ್ಷೆಗೆ ಬರಬಹುದು ಅಂತ. ಬೇರೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ನಿನ್ನೆ, ನೋಟ್‌ಬುಕ್ಕಿನಲ್ಲಿ ಅವನ ಪುಟ ಓದಿದಾಗ. ನಾಲ್ಕೇ ಸಾಲು. ಕನ್ನಡಕ ಹಾಕಿಕೊಂಡು ಬಂದ ಮೊದಲ ದಿನ ಕಿಟಕಿಯಾಚೆಯ ಮರದಲ್ಲಿ ಎಲೆಗಳು ಒಂದೊಂದೂ ಬೇರೆ ಬೇರೆ ಇವೆ ಅಂತ ಗೊತ್ತಾಯಿತಂತೆ. ಬೋರ್ಡಿನಲ್ಲಿ ಬರೆದದ್ದು ಕೊನೆಯ ಬೆಂಚಿಗೂ ಕಾಣುತ್ತದೆ ಅನ್ನುವುದೂ ಅವತ್ತೇ ಗೊತ್ತಾದದ್ದಂತೆ, ಅಲ್ಲಿ ಕೂತವರೆಲ್ಲ ಪಕ್ಕದವರನ್ನು ಕೇಳಿಯೇ ಬರೆದುಕೊಳ್ಳುತ್ತಾರೆ ಅಂದುಕೊಂಡಿದ್ದನಂತೆ. ‘18ಕ್ಕೆ ಥ್ಯಾಂಕ್ಸ್, ಎರಡು ವರ್ಷ ನನಗಾಗಿ ಬೋರ್ಡ್ ಓದಿದ್ದಕ್ಕೆ’ ಅಂತ ಮುಗಿಸಿದ್ದಾನೆ.

ಹಾಗಾದರೆ ಪಿಸಪಿಸ ಅಂದದ್ದು ಅದು. ಮರೆತುಹೋಗದಿರಲಿ ಅಂತ ಕೊನೆಯ ಪದವನ್ನು ಹೇಳಿಕೊಳ್ಳುತ್ತಿದ್ದುದು. ಮೇಷ್ಟರು ಇಲ್ಲದ ಪೀರಿಯಡ್‌ನಲ್ಲಿ, ಬೋರ್ಡಿನಲ್ಲಿ ಉಳಿದ ನೋಟ್ಸ್ ಅಳಿಸುವ ಮೊದಲು ಕೇಳಿ ಬರೆದುಕೊಳ್ಳುತ್ತಿದ್ದುದು. ಅದರ ಪಕ್ಕದಲ್ಲೇ ನಾನು ಅವನ ಹೆಸರು ಬರೆಯುತ್ತಿದ್ದೆ. ಕೊನೆಯ ಬೆಂಚಿನಿಂದ ಬೋರ್ಡಿಗೆ ಏನಿಲ್ಲವೆಂದರೂ 6 ಮೀಟರ್. ಒಂದೂವರೆ ವರ್ಷದಲ್ಲಿ ಎಷ್ಟು ಇಂಟು ಮಾರ್ಕು ಹಾಕಿದ್ದೇನೋ, ಅವಕ್ಕೆ ಅವನು ಎಷ್ಟು ಸಲ ಬಾಗಿಲ ಹೊರಗೆ ನಿಂತಿದ್ದಾನೋ.

ಇವತ್ತು ತರಗತಿಗೆ ಹೋದರೆ ಬೆಂಚುಗಳನ್ನೆಲ್ಲ ಪರೀಕ್ಷೆಯ ಕೊಠಡಿಗೆ ಸಾಗಿಸಿ ಆಗಿತ್ತು. 17 ಕೂಡ ಹಾಲ್ ಟಿಕೆಟ್ಟಿಗೆ ಬಂದಿದ್ದ. ಒಳಗೆ ಕರೆದೆ. ಹೇಗೆ ಶುರು ಮಾಡುವುದು ಅಂತ ತಿಳಿಯದೆ ನೇರವಾಗಿ ಹೇಳಿಬಿಟ್ಟೆ, ನಿನ್ನ ಪುಟ ಓದಿದೆ, ನಾನು ಅಷ್ಟು ಸಲ ಹೆಸರು ಬರೆದದ್ದು ತಪ್ಪಾಯಿತು ಅಂತ.

ಅವನು ಸ್ವಲ್ಪ ಹೊತ್ತು ಯೋಚಿಸಿದ. “ಮಾತಾಡ್ತಿದ್ದೆನಲ್ಲ, ಬರೆದೆ, ಬಿಡು” ಅಂದ. ಆಮೇಲೆ ನಗುತ್ತಾ, “ಆದ್ರೆ ಒಂದು ವಿಷ್ಯ ಗೊತ್ತಾ? ನೀನು ಬರೆದಿದ್ದು ನನಗೆ ಯಾವತ್ತೂ ಕಾಣ್ಲೇ ಇಲ್ಲ ಕಣೇ. ಮೇಷ್ಟ್ರು ಬಂದು ಬೈದಾಗ್ಲೇ ನನ್ನ ಹೆಸರಿದೆ ಅಂತ ಗೊತ್ತಾಗ್ತಿದ್ದದ್ದು. ಈಗೊಂದ್ಸಲ ಬರಿ, ನೋಡೋಣ.”

ಬೇಡ ಅಂದೆ. ಅವನು ಆಗಲೇ ಹಿಂದಿನ ಗೋಡೆಯ ಹತ್ತಿರ, ಕೊನೆಯ ಬೆಂಚು ಇದ್ದ ಜಾಗಕ್ಕೆ ಹೋಗಿ ಕೈಕಟ್ಟಿ ನಿಂತಿದ್ದ. ಬೋರ್ಡಿನ ಅಂಚಿನಲ್ಲಿ ಉಗುರಿನಷ್ಟು ಚಾಕ್‌ಪೀಸು ಸಿಕ್ಕಿತು. ಅದೇ ಮೂಲೆಯಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಕೈಗೆ ರೂಢಿಯಾಗಿದ್ದ ಹಾಗೆ ಬರೆದು ಪಕ್ಕಕ್ಕೆ ಸರಿದೆ.

ಅವನು ಕನ್ನಡಕ ಸರಿಮಾಡಿಕೊಂಡ. ಒಂದು ಹೆಜ್ಜೆ ಮುಂದೆ ಬಂದ.

“ಎರಡನೇ ಅಕ್ಷರಕ್ಕೆ ದೀರ್ಘ ಎಲ್ಲಿ?” ಅಂತ ಕೂಗಿದ. “ಒಂದೂವರೆ ವರ್ಷ ಹೀಗೇ ಬರ್ದಿದ್ದೀಯಾ?”

ಬೆಂಚಿಲ್ಲದ ಕೊಠಡಿಯಲ್ಲಿ ಮಾತು ಗೋಡೆಯಿಂದ ಗೋಡೆಗೆ ಗುಂಯ್‌ಗುಟ್ಟಿತು. ಅದನ್ನು ಪ್ರತಿಧ್ವನಿ ಅನ್ನುವ ಹಾಗಿಲ್ಲ, ನಮ್ಮ ಕೊಠಡಿ 17.2 ಮೀಟರಿನ ಹತ್ತಿರಕ್ಕೂ ಬರುವುದಿಲ್ಲ. ನಾನು ದೀರ್ಘ ಹಾಕಲು ಚಾಕ್‌ಪೀಸು ಎತ್ತಿದರೆ ಅದು ಬೆರಳಿನಲ್ಲೇ ಪುಡಿಯಾಯಿತು.